ಶರಾವತಿ ಮೇಲೆ 40 ಸೆಕೆಂಡು

ಶರಾವತಿ ನದಿ ಹಿಡಿದು ಹೋದ ನಮ್ಮ ವಿಡಿಯೋ ಒಟ್ಟು 16 ನಿಮಿಷ. ಅದರಲ್ಲಿ ಮ್ಯಾಪ್ ಇರುವುದು ಬರೀ 40 ಸೆಕೆಂಡು. ಆ 40 ಸೆಕೆಂಡಿಗೆ ಐದು ವಾರ ಹಿಡಿಯಿತು. ರಾತ್ರಿ ಊಟ ಆದ ಮೇಲೆ ಕೂತರೆ ಹನ್ನೆರಡು, ಒಂದು. ಹೆಂಡತಿ ಎರಡು ಸಲ ಎದ್ದು ಬಂದು ನೋಡಿ ಹೋದಳು. ಮೂರನೇ ಸಲ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಳು. ಈ ಮ್ಯಾಪ್ ಹೇಗೆ ಮಾಡುತ್ತೀರಿ ಎಂದು ಆಗ ಅವಳು ಕೇಳಿದ ಪ್ರಶ್ನೆಗಳಿಂದಲೇ ಈ ಬರಹ ಶುರುವಾಯಿತು.

ನಾನಿರುವುದು ಸಾಗರದಲ್ಲಿ. ಹಗಲು ಮದುವೆ, ಗೃಹಪ್ರವೇಶ, ಉಪನಯನದ ವಿಡಿಯೋ ಎಡಿಟಿಂಗ್. ಹೋದ ನವೆಂಬರ್‌ನಲ್ಲಿ ಸೀಸನ್ ಶುರುವಾಗುವ ಮೊದಲು ನಾಲ್ಕು ದಿನ ಬಿಡುವು ಸಿಕ್ಕಿತು. ಭಾವನ ಬೈಕಿನಲ್ಲಿ ನಾನೂ ಅವನೂ ಶರಾವತಿ ಹಿಡಿದು ಹೊರಟೆವು. ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ನದಿ ಹುಟ್ಟುತ್ತದೆ. ರಾಮ ಬಾಣ ಬಿಟ್ಟಾಗ ಚಿಮ್ಮಿದ ನೀರು, ಅದಕ್ಕೇ ಶರಾವತಿ ಎಂದು ಅಲ್ಲಿ ಹೇಳುತ್ತಾರೆ. ಅಲ್ಲಿಂದ ಹೊಸನಗರದ ಕಡೆ, ಲಿಂಗನಮಕ್ಕಿ ಹಿನ್ನೀರು, ತಾಳಗುಪ್ಪ, ಜೋಗ, ಮಾವಿನಗುಂಡಿ, ಗೇರುಸೊಪ್ಪ, ಕೊನೆಗೆ ಹೊನ್ನಾವರದ ಕಡಲು. ನದಿಯ ಉದ್ದ ಸುಮಾರು 128 ಕಿ.ಮೀ. ನಾವು ಸುತ್ತಿದ್ದು ಅದರ ಎರಡು ಪಟ್ಟಿಗೂ ಜಾಸ್ತಿ. ನದಿ ಪಕ್ಕದಲ್ಲೇ ಎಲ್ಲಾ ಕಡೆ ರಸ್ತೆ ಇರುವುದಿಲ್ಲ ಅಲ್ವಾ.

ವಾಪಸ್ ಬಂದು ಮೊದಲ ಕಟ್ ಮಾಡಿ ಮನೆಯಲ್ಲಿ ತೋರಿಸಿದೆ. ಎಲ್ಲರೂ ಚೆನ್ನಾಗಿದೆ ಎಂದರು. ಅಮ್ಮ ಮಾತ್ರ ನಡುವೆ ಕೇಳಿದಳು: "ಇದು ಜೋಗಕ್ಕಿಂತ ಮೊದಲೋ, ಆಮೇಲೋ?"

ಅಮ್ಮ ಹುಟ್ಟಿ ಬೆಳೆದದ್ದು ಇದೇ ತಾಲೂಕಿನಲ್ಲಿ. ಅವಳಿಗೇ ಗೊತ್ತಾಗಲಿಲ್ಲ ಅಂದರೆ ಬೇರೆಯವರಿಗೆ ಹೇಗೆ ಗೊತ್ತಾಗಬೇಕು? ಕ್ಯಾಮೆರಾದಲ್ಲಿ ಒಂದು ಘಾಟಿ ತಿರುವು ಇನ್ನೊಂದರ ಹಾಗೇ ಕಾಣುತ್ತದೆ. ಎರಡೂ ಕಡೆ ಕಾಡು, ನಡುವೆ ಟಾರು. ಯಾವ ಊರು ಯಾವುದರ ಪಕ್ಕ, ನದಿ ಎಲ್ಲಿ ತಿರುಗಿತು, ಎಲ್ಲಿ ಬಿತ್ತು, ಇದನ್ನು ರಸ್ತೆ ಮೇಲಿನ ಕ್ಯಾಮೆರಾ ಹೇಳುವುದಿಲ್ಲ. ಅದನ್ನು ಹೇಳುವುದಕ್ಕೆ ಮೇಲಿಂದ ಹಾರುವ ಮ್ಯಾಪ್ ಬೇಕು. ಇಂಗ್ಲಿಷಿನವರು ಫ್ಲೈಓವರ್ ಅನ್ನುತ್ತಾರೆ. ನಮ್ಮಲ್ಲಿ ಆ ಪದಕ್ಕೆ ಮೇಲ್ಸೇತುವೆ ಕಣ್ಣಿಗೆ ಬರುತ್ತದೆ. ನಾನೂ ಭಾವನೂ ಇದನ್ನು ಮ್ಯಾಪ್ ಶಾಟ್ ಅನ್ನುತ್ತೇವೆ. ಇಲ್ಲೂ ಹಾಗೇ ಬರೆಯುತ್ತೇನೆ.

ಮೊದಲು ಗೂಗಲ್ ಅರ್ಥ್ ಸ್ಟುಡಿಯೋದಲ್ಲಿ ಮಾಡಿದೆ. ಹೊಸದಾಗಿ ಕಲಿಯುವವರಿಗೆ ನಾನು ಈಗಲೂ ಇದನ್ನೇ ಹೇಳುತ್ತೇನೆ. ಕ್ರೋಮ್ ಬ್ರೌಸರ್‌ನಲ್ಲೇ ಓಡುತ್ತದೆ, ದುಡ್ಡು ಕೊಡಬೇಕಿಲ್ಲ. ಈ ಕ್ಷಣದಲ್ಲಿ ಕ್ಯಾಮೆರಾ ಇಲ್ಲಿರಲಿ, ಎಂಟು ಸೆಕೆಂಡು ಆದ ಮೇಲೆ ಅಲ್ಲಿರಲಿ ಎಂದು ಗುರುತು ಹಾಕಬೇಕು. ಇದಕ್ಕೆ ಕೀಫ್ರೇಮ್ ಅನ್ನುತ್ತಾರೆ. ನಡುವಿನ ದಾರಿಯನ್ನು ಅದೇ ತುಂಬಿಕೊಳ್ಳುತ್ತದೆ. ಕೊನೆಗೆ ಒಂದೊಂದು ಫ್ರೇಮೂ ಒಂದೊಂದು ಫೋಟೋ ಆಗಿ ಬರುತ್ತದೆ. ಅವನ್ನು ಎಡಿಟಿಂಗ್ ಟೈಮ್‌ಲೈನಿಗೆ ಹಾಕಿದರೆ ವಿಡಿಯೋ. ಮೂಲೆಯಲ್ಲಿ ಗೂಗಲ್ ಅರ್ಥ್ ಹೆಸರು, ಚಿತ್ರ ಕೊಟ್ಟವರ ಹೆಸರು ಬರುತ್ತದೆ. ಅದನ್ನು ತೆಗೆಯಬಾರದು, ಕ್ರಾಪ್ ಮಾಡಿ ಮುಚ್ಚಬಾರದು. ಜಾಹೀರಾತು ಕೆಲಸಕ್ಕೆ ಬಳಸುವ ಮೊದಲು ಅವರ ನಿಯಮ ಒಂದು ಸಲ ಪೂರ್ತಿ ಓದಿಕೊಳ್ಳಿ.

ಇಲ್ಲಿ ಎರಡು ವಿಷಯ ನನಗೆ ಬಹಳ ಮುಖ್ಯ. ಒಂದು, ಭೂಮಿಯ ಗುಂಡಿನಿಂದ ಶುರು ಮಾಡಬೇಡಿ. ಟ್ರಾವೆಲ್ ವಿಡಿಯೋ ತೆಗೆದರೆ ಸಾಕು, ಕತ್ತಲೆ ಆಕಾಶ, ನೀಲಿ ಗೋಲ, ಝುಂಯ್ ಎಂದು ಕೆಳಗೆ. ಸಾಗರದಿಂದ ಹೊನ್ನಾವರಕ್ಕೆ ಹೋಗುವವನಿಗೆ ಆಫ್ರಿಕಾ ಯಾಕೆ ತೋರಿಸಬೇಕು? ನಾನು ಶುರು ಮಾಡಿದ್ದು ಒಂದೇ ಚೌಕಟ್ಟಿನಲ್ಲಿ ಕಡಲೂ ಘಟ್ಟವೂ ಕಾಣುವಷ್ಟು ಎತ್ತರದಿಂದ. ಎಡಗಡೆ ಕಡಲು, ನಡುವೆ ಹಸಿರು ಗೋಡೆಯ ಹಾಗೆ ಸಹ್ಯಾದ್ರಿ, ಬಲಗಡೆ ಬಯಲು. ನಮ್ಮ ಕತೆಗೆ ಬೇಕಾದ ಜಗತ್ತು ಅಷ್ಟೇ. ಇಡೀ ಭಾರತ ತೋರಿಸಲೇಬೇಕು ಅಂದರೆ ಹೊರಗಿನ ಗಡಿ ಸರ್ವೆ ಆಫ್ ಇಂಡಿಯಾ ನಕ್ಷೆಯ ಹಾಗೇ ಇರಬೇಕು. ಅದು ಕಾನೂನು. ಬೇರೆ ದೇಶದವರು ಮಾಡಿದ ನಕ್ಷೆಯಲ್ಲಿ ಎಷ್ಟೋ ಸಲ ಅದು ಹಾಗಿರುವುದಿಲ್ಲ.

ಎರಡು, ಇಳಿಯುವ ವೇಗ. ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮೊದಲ ಸಲ 500 ಕಿ.ಮೀ. ಎತ್ತರದಲ್ಲಿ ಒಂದು ಕೀಫ್ರೇಮ್, 4 ಕಿ.ಮೀ. ಎತ್ತರದಲ್ಲಿ ಇನ್ನೊಂದು ಹಾಕಿ ಬಿಟ್ಟೆ. ಓಡಿಸಿ ನೋಡಿದರೆ ಆರು ಸೆಕೆಂಡು ಏನೂ ಆಗುವುದೇ ಇಲ್ಲ, ಕೊನೇ ಸೆಕೆಂಡಿನಲ್ಲಿ ಕಲ್ಲು ಬಿದ್ದ ಹಾಗೆ ಧಡ್ ಎಂದು ನೆಲಕ್ಕೆ. ಕಾರಣ ಸುಲಭ. 500ರಿಂದ 430ಕ್ಕೆ ಇಳಿದರೆ ಕಣ್ಣಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. 74ರಿಂದ 4ಕ್ಕೆ ಇಳಿದರೆ ಜಗತ್ತೇ ಬದಲಾಗುತ್ತದೆ. ಎರಡೂ ಇಳಿದದ್ದು 70 ಕಿ.ಮೀ. ತಾನೇ? ಆದರೆ ಕಣ್ಣು ಎಷ್ಟು ಕಿಲೋಮೀಟರ್ ಎಂದು ಲೆಕ್ಕ ಇಡುವುದಿಲ್ಲ, ಎಷ್ಟು ಪಟ್ಟು ಹತ್ತಿರ ಬಂತು ಎಂದು ನೋಡುತ್ತದೆ. ಹಾಗಾಗಿ ಸೆಕೆಂಡಿಗೆ ಅರ್ಧ ಮಾಡುತ್ತಾ ಬರಬೇಕು. 512, 256, 128, 64, 32, 16, 8, 4. ಏಳು ಸೆಕೆಂಡು. ಹೀಗೆ ಮಾಡಿದ ಮೇಲೆ ಕ್ಯಾಮೆರಾ ಹದ್ದು ಇಳಿದ ಹಾಗೆ ಇಳಿಯಿತು. ಆ ದಿನ ರಾತ್ರಿ ಅದನ್ನೇ ಹತ್ತು ಸಲ ಓಡಿಸಿ ನೋಡಿದೆ.

ಇಳಿಯುವಾಗ ತಿರುಗಿಸಬೇಡಿ, ತಿರುಗುವಾಗ ಇಳಿಸಬೇಡಿ. ಎರಡೂ ಒಟ್ಟಿಗೆ ಮಾಡಿದರೆ ನೋಡುವವರಿಗೆ ದಿಕ್ಕು ತಪ್ಪುತ್ತದೆ, ಕೆಲವರಿಗೆ ತಲೆ ಸುತ್ತುತ್ತದೆ. ದಿಕ್ಕು ತೋರಿಸುವುದಕ್ಕೇ ಅಲ್ವಾ ನಾವು ಇದನ್ನು ಮಾಡುತ್ತಿರುವುದು.

ಅರ್ಥ್ ಸ್ಟುಡಿಯೋ ಸಾಕಾಗಲಿಲ್ಲ. ಅದರ ತಪ್ಪಲ್ಲ. ದೊಡ್ಡ ಊರುಗಳಲ್ಲಿ ಕಟ್ಟಡ, ಮರ ಎಲ್ಲಾ ಎದ್ದು ನಿಂತ ಹಾಗೆ ಕಾಣುವಂಥ ತ್ರೀಡಿ ಇರುತ್ತದೆ. ನಮ್ಮ ಕಾಡಿನಲ್ಲಿ ಗುಡ್ಡದ ಏರಿಳಿತದ ಮೇಲೆ ಉಪಗ್ರಹದ ಫೋಟೋ ಹೊದಿಸಿರುತ್ತಾರೆ, ಅಷ್ಟೇ. ದೂರದಿಂದ ಚೆಂದ. ಕೆಳಗೆ ಇಳಿದರೆ ಮರಗಳು ನೆಲಕ್ಕೆ ಅಂಟಿದ ಹಾಗೆ ಚಪ್ಪಟೆ. ಅದಕ್ಕಿಂತ ಮುಖ್ಯವಾಗಿ, ಆ ಫೋಟೋ ಯಾವ ತಿಂಗಳಿನದು ಎಂಬುದು ನಮ್ಮ ಕೈಯಲ್ಲಿ ಇರಲಿಲ್ಲ. ನಮಗೆ ನವೆಂಬರಿನ ಶರಾವತಿ ಬೇಕಿತ್ತು. ನಾವು ಹೋದಾಗ ಹಿನ್ನೀರು ತುಂಬಿತ್ತು, ಗದ್ದೆಗಳು ಹಳದಿಗೆ ತಿರುಗುತ್ತಿದ್ದವು. ಮ್ಯಾಪಿನಲ್ಲಿ ಬೇಸಿಗೆಯ ಕೆಂಪು ದಡ ಕಂಡರೆ ಮುಂದಿನ ಶಾಟಿಗೆ ಹೊಂದುವುದಿಲ್ಲ.

ಹಾಗಾಗಿ ನೆಲವನ್ನೇ ನಾವು ಮಾಡಿಕೊಳ್ಳೋಣ ಎಂದು ಬ್ಲೆಂಡರ್ ಎಂಬ ತ್ರೀಡಿ ತಂತ್ರಾಂಶಕ್ಕೆ ಬಂದೆ. ಬೇಕಾಗುವುದು ಎರಡೇ ವಸ್ತು. ನೆಲದ ಎತ್ತರದ ಲೆಕ್ಕ, ಮತ್ತೆ ಮೇಲೆ ಹೊದಿಸುವುದಕ್ಕೆ ಒಂದು ಫೋಟೋ. ಎರಡೂ ಪುಕ್ಕಟೆ ಸಿಗುತ್ತವೆ. 2000ನೇ ಇಸವಿ ಫೆಬ್ರವರಿಯಲ್ಲಿ ಅಮೆರಿಕದ ಎಂಡೆವರ್ ಅಂತರಿಕ್ಷ ನೌಕೆ 11 ದಿನ ಭೂಮಿ ಸುತ್ತಿ ರೇಡಾರ್‌ನಿಂದ ಎತ್ತರ ಅಳೆದು ಬಂತು. ಅದಾದ ಮೇಲೆ ಯುರೋಪಿನ ಕೋಪರ್ನಿಕಸ್ ಎಂಬ ಭೂವೀಕ್ಷಣೆ ಯೋಜನೆಯವರದ್ದು ಬಂತು. ನಮ್ಮ ಇಸ್ರೋ ಕೂಡ ಭುವನ್ ತಾಣದಲ್ಲಿ ಕಾರ್ಟೋಸ್ಯಾಟ್ ಉಪಗ್ರಹದಿಂದ ಮಾಡಿದ್ದನ್ನು ಕೊಡುತ್ತದೆ. ನಾನು ಬಳಸಿದ್ದು ಕೋಪರ್ನಿಕಸ್‌ನದು. ಸುಮಾರು 30 ಮೀಟರಿಗೆ ಒಂದು ಬಿಂದು. ಒಂದು ಡಿಗ್ರಿ ಉದ್ದ, ಒಂದು ಡಿಗ್ರಿ ಅಗಲದ ಚೌಕಗಳಾಗಿ ಸಿಗುತ್ತದೆ. ನಮ್ಮ ನದಿ ಇರುವ ಜಾಗಕ್ಕೆ ನಾಲ್ಕು ಚೌಕ ಬೇಕಾದವು. ನಾಲ್ಕರ ಮೂಲೆಗಳೂ ಕೂಡುವುದು ಹಿನ್ನೀರಿನ ಹತ್ತಿರವೇ. ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ನಾಲ್ಕನ್ನೂ ಹೊಲಿದು, 100 ಕಿ.ಮೀ. ಚೌಕಕ್ಕೆ ಕತ್ತರಿಸಿದೆ. ಲೆಕ್ಕ ಹಾಕಿದರೆ ಒಂದು ಕೋಟಿಗೂ ಜಾಸ್ತಿ ಬಿಂದುಗಳು.

ಆ ಎತ್ತರದ ಲೆಕ್ಕ ಒಂದು ಕಪ್ಪು ಬಿಳುಪು ಚಿತ್ರವಾಗಿ ಹೋಗುತ್ತದೆ. ಕಪ್ಪು ಅಂದರೆ ತಗ್ಗು, ಬಿಳಿ ಅಂದರೆ ಎತ್ತರ. ಇಲ್ಲಿ ನಾನು ಎರಡು ರಾತ್ರಿ ಕಳೆದುಕೊಂಡೆ. ಗುಡ್ಡಗಳೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಬಂದವು. ಕೊಡಚಾದ್ರಿಯನ್ನು ಯಾರೋ ಗದ್ದೆ ಮಾಡಿ ಏರಿ ಕಟ್ಟಿದ ಹಾಗೆ. ಬೆಳಕು ಬದಲಾಯಿಸಿದೆ, ಬಿಂದು ಜಾಸ್ತಿ ಮಾಡಿದೆ, ಏನೂ ಆಗಲಿಲ್ಲ. ಕೊನೆಗೆ ಗೊತ್ತಾಯಿತು, ಚಿತ್ರವನ್ನು 8 ಬಿಟ್‌ನಲ್ಲಿ ಸೇವ್ ಮಾಡಿದ್ದೆ. 8 ಬಿಟ್ ಅಂದರೆ ಕಪ್ಪಿನಿಂದ ಬಿಳಿಗೆ 256 ಹಂತ ಮಾತ್ರ. ಕೊಡಚಾದ್ರಿ 1343 ಮೀಟರ್. ಅದನ್ನು 256ಕ್ಕೆ ಹಂಚಿದರೆ ಹಂತಕ್ಕೆ ಐದು ಮೀಟರ್ ಚಿಲ್ಲರೆ. ಅದೇ ಮೆಟ್ಟಿಲು. 16 ಬಿಟ್‌ನಲ್ಲಿ ಸೇವ್ ಮಾಡಿದರೆ 65,536 ಹಂತ. ಒಂದೇ ಕ್ಲಿಕ್ಕಿನಲ್ಲಿ ಗುಡ್ಡಗಳು ನಯವಾದವು. ಯಾರಾದರೂ ಈಗ ಇದೇ ಮೆಟ್ಟಿಲು ನೋಡುತ್ತಾ ಕೂತಿದ್ದರೆ, ಮೊದಲು ಅದನ್ನು ನೋಡಿಕೊಳ್ಳಿ.

ಆಮೇಲೆ ಎತ್ತರ ಎಷ್ಟು ಎಳೆಯಬೇಕು ಎಂಬ ಪ್ರಶ್ನೆ. 100 ಕಿ.ಮೀ. ನೆಲವನ್ನು ಒಂದು ಮೀಟರ್ ಹಲಗೆ ಎಂದುಕೊಳ್ಳಿ. ಜೋಗ 253 ಮೀಟರ್. ಹಲಗೆ ಮೇಲೆ ಅದು ಎರಡೂವರೆ ಮಿಲಿಮೀಟರ್! ಇಷ್ಟು ದೊಡ್ಡ ಜೋಗ ಒಂದು ಅಕ್ಕಿ ಕಾಳಿನ ದಪ್ಪ. ಇದ್ದದ್ದು ಇದ್ದ ಹಾಗೆ ತೋರಿಸಿದರೆ ಮಲೆನಾಡು ಮೈದಾನದ ಹಾಗೆ ಕಾಣುತ್ತದೆ. ಹಾಗಂತ ನಾಲ್ಕು ಪಟ್ಟು ಎಳೆದರೆ ಹಿಮಾಲಯ ಆಗುತ್ತದೆ. ನಮ್ಮ ಗುಡ್ಡಗಳು ದುಂಡಗೆ, ಒಂದರ ಹಿಂದೆ ಒಂದು ಮಲಗಿದ ಹಾಗೆ ಇರುತ್ತವೆ. ಆ ಮೈ ಕೆಡಬಾರದು. ಒಂದೂವರೆ ಪಟ್ಟು, ಎರಡು ಪಟ್ಟು, ಎರಡೂವರೆ ಪಟ್ಟು, ಹೀಗೆ ಮೂರು ತರ ಮಾಡಿ ಭಾವನಿಗೆ ತೋರಿಸಿದೆ. ಅವನು ಕಾರ್ಗಲ್ ಕಡೆಯವನು. ಎರಡು ಪಟ್ಟಿನದನ್ನು ನೋಡಿ "ಇದು ನಮ್ಮೂರು" ಎಂದ. ಅದನ್ನೇ ಇಟ್ಟುಕೊಂಡೆ.

ಫೋಟೋ ಸೆಂಟಿನೆಲ್-2 ಉಪಗ್ರಹದ್ದು. ಒಂದು ಚುಕ್ಕಿಗೆ 10 ಮೀಟರ್ ನೆಲ, ಐದು ದಿನಕ್ಕೊಮ್ಮೆ ಅದೇ ಜಾಗದ ಹೊಸ ಚಿತ್ರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹುಡುಕಬೇಡಿ. ಬರೀ ಮೋಡದ ಹತ್ತಿ. ನವೆಂಬರಿನಲ್ಲಿ ನಾವು ಹೋದ ಮರುವಾರದ ಒಂದು ಚಿತ್ರ ಕನ್ನಡಿಯ ಹಾಗೆ ಸಿಕ್ಕಿತು. ಹಿನ್ನೀರಿನ ಕೈಗಳು ಹಳ್ಳ ಹಳ್ಳಕ್ಕೆ ನುಗ್ಗಿ, ನಡುವೆ ಹಸಿರು ದ್ವೀಪಗಳು. ಅದನ್ನು ನೆಲದ ಮೇಲೆ ಹೊದಿಸಿ, ಸೂರ್ಯನನ್ನು ಸ್ವಲ್ಪ ಕೆಳಗೆ ಇಳಿಸಿ ನೆರಳು ಉದ್ದ ಮಾಡಿದೆ. ಸಾಗರದ ಎಡಿಟಿಂಗ್ ರೂಮಿನಲ್ಲಿ ಕೂತು ಅದನ್ನು ನೋಡಿದಾಗ ಗಂಟಲು ಕಟ್ಟಿತು. ಅಷ್ಟು ಚೆಂದದ ಊರು ನಮ್ಮದು.

ಜೋಗದಲ್ಲಿ ಮಾತ್ರ ಇದು ಕೈಕೊಟ್ಟಿತು. ಜೋಗದ ನೀರು ಬಂಡೆಯಿಂದ ನೆಟ್ಟಗೆ ಬೀಳುತ್ತದೆ. 30 ಮೀಟರಿಗೆ ಒಂದು ಬಿಂದು ಇಟ್ಟು ಅಳೆದರೆ ಆ ಗೋಡೆ ಒಂದೆರಡು ಬಿಂದುಗಳ ನಡುವೆ ಮುಗಿದುಹೋಗುತ್ತದೆ. ಒಂದು ಬಿಂದು ಮೇಲೆ, ಮುಂದಿನದು ಅರ್ಧದಲ್ಲಿ, ಅದರ ಮುಂದಿನದು ಕೆಳಗೆ. ಅವನ್ನು ಕೂಡಿಸಿದಾಗ ಗೋಡೆ ಹೋಗಿ ಇಳಿಜಾರು ಆಗುತ್ತದೆ. ಅದರ ಮೇಲೆ ಹೊದಿಸಿದ ಫೋಟೋ ಒದ್ದೆ ಬಟ್ಟೆ ಎಳೆದ ಹಾಗೆ ಹಿಗ್ಗುತ್ತದೆ. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಸೇರಿ ಒಂದು ಕಂದು ಗೀರು. ಕೈಯಿಂದ ಬಂಡೆ ಕೆತ್ತೋಣ ಎಂದು ಒಂದು ಭಾನುವಾರ ಪೂರ್ತಿ ಕೂತೆ. ಬೇಡ ಅನ್ನಿಸಿತು. ನಿಜವಾದ ಜೋಗವನ್ನು ಎದುರಿಗೆ ನಿಂತು ಶೂಟ್ ಮಾಡಿಕೊಂಡು ಬಂದಿದ್ದೇವೆ. ಮ್ಯಾಪ್ ಅಲ್ಲಿಯವರೆಗೆ ಕರೆದುಕೊಂಡು ಹೋಗಿ ಬಿಟ್ಟರೆ ಸಾಕು. ಕಣಿವೆಯ ಮೇಲೆ ಕ್ಯಾಮೆರಾ ನಿಲ್ಲಿಸಿ, ನಾವು ಶೂಟ್ ಮಾಡಿದ ದಿಕ್ಕಿಗೇ ಮುಖ ತಿರುಗಿಸಿ, ಅಲ್ಲೇ ಕಟ್ ಮಾಡಿದೆ. ಮುಂದಿನ ಫ್ರೇಮು ಅಸಲಿ ಜೋಗ, ಅಸಲಿ ಸದ್ದು. ಇಡೀ ವಿಡಿಯೋದಲ್ಲಿ ನನಗೆ ತುಂಬಾ ಇಷ್ಟವಾದ ಕಟ್ ಅದು.

ನಾವು ಹೋದ ದಾರಿಯ ಗೆರೆಗೆ ಫೋನಿನಲ್ಲಿ ಜಿಪಿಎಸ್ ದಾಖಲೆ ಮಾಡಿಕೊಂಡಿದ್ದೆ. ಜಿಪಿಎಕ್ಸ್ ಫೈಲ್ ತೆರೆದರೆ ಸಾಲು ಸಾಲು ಅಂಕಿ. ಯಾವ ಹೊತ್ತಿಗೆ ಎಲ್ಲಿದ್ದೆವು ಎಂದು. ತಾಳಗುಪ್ಪದಲ್ಲಿ ಚಾ ಕುಡಿಯಲು ಮುಕ್ಕಾಲು ಗಂಟೆ ಕೂತಿದ್ದೆವು. ಅಲ್ಲಿ ಗೆರೆ ಕೋಳಿ ಕೆದಕಿದ ಹಾಗೆ ಆಗಿತ್ತು. ನಾವು ಕೂತೇ ಇದ್ದೆವು, ಫೋನು ಮಾತ್ರ ಐದು ಮೀಟರ್ ಆಚೆ, ಹತ್ತು ಮೀಟರ್ ಈಚೆ ಎಂದು ಬರೆಯುತ್ತಲೇ ಇತ್ತು. ಗೇರುಸೊಪ್ಪ ಘಾಟಿಯಲ್ಲಿ ಮರದ ಕೆಳಗೆ ಗೆರೆ ರಸ್ತೆ ಬಿಟ್ಟು ಕಾಡಿಗೇ ಹೋಗಿತ್ತು. ಅಂಥ ಕಡೆ ಜಿಪಿಎಸ್ ಬಿಟ್ಟು ಓಪನ್‌ಸ್ಟ್ರೀಟ್‌ಮ್ಯಾಪ್‌ನ ರಸ್ತೆಯನ್ನೇ ತೆಗೆದುಕೊಂಡೆ. ಊರೂರಿನ ಜನ ಕೂತು ಬರೆದ ಮ್ಯಾಪ್ ಅದು. ವಿಡಿಯೋ ಕೊನೆಯಲ್ಲಿ ಅವರ ಹೆಸರು ಹಾಕುವುದು ನಿಯಮವೂ ಹೌದು, ಮರ್ಯಾದೆಯೂ ಹೌದು.

ಊರ ಹೆಸರುಗಳು ಕನ್ನಡದಲ್ಲೇ ಬರಬೇಕು ಎಂಬುದು ನನ್ನ ಹಟ. ತ್ರೀಡಿ ಕೆಲಸದಲ್ಲಿ ಕನ್ನಡ ಟೈಪ್ ಮಾಡಿದರೆ ಒತ್ತಕ್ಷರ ಒಡೆಯುವುದು ಎಡಿಟಿಂಗ್ ಮಾಡುವವರಿಗೆಲ್ಲ ಗೊತ್ತಿರುವ ಕಷ್ಟ. 'ಹೊನ್ನಾವರ'ದ ನಕಾರದ ಒತ್ತು ಕೆಳಗೆ ಹೋಗದೆ ಪಕ್ಕದಲ್ಲಿ ನಿಂತಿರುತ್ತದೆ. ಅದಕ್ಕೆ ಹೆಸರುಗಳನ್ನು ಇಂಕ್‌ಸ್ಕೇಪ್ ಎಂಬ ಚಿತ್ರ ಬರೆಯುವ ತಂತ್ರಾಂಶದಲ್ಲಿ ಬರೆದು, ಅಕ್ಷರವನ್ನು ಗೆರೆಯ ಆಕಾರಕ್ಕೆ ಬದಲಾಯಿಸಿ, ಚಿತ್ರವಾಗಿ ತಂದು ನಿಲ್ಲಿಸಿದೆ. ಆಮೇಲೆ ಅದು ಒಡೆಯುವ ಮಾತೇ ಇಲ್ಲ. ಹೆಸರುಗಳು ಜಾಸ್ತಿ ಬೇಡ. ಒಂದು ಹೊತ್ತಿಗೆ ಪರದೆ ಮೇಲೆ ಮೂರು ಊರು ಸಾಕು.

ಇಷ್ಟೆಲ್ಲ ಆದ ಮೇಲೆ ಅಜ್ಜಿಗೆ ತೋರಿಸಿದೆ.

ಅಜ್ಜಿ ಅಂದರೆ ಅಮ್ಮನ ಅಮ್ಮ. ಈಗ 80 ವರ್ಷ. ಅವಳ ತವರು ಮಡೆನೂರಿನ ಹತ್ತಿರದ ಒಂದು ಸಣ್ಣ ಹಳ್ಳಿ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಆಯಿತು. ಅವಳ ಹಳ್ಳಿ ಮುಳುಗಡೆ ಆಯಿತು. ನಮ್ಮ ಕಡೆ 'ಮುಳುಗಡೆ' ಅಂದರೆ ಸಾಕು, ಯಾವುದರದ್ದು ಎಂದು ಯಾರೂ ಕೇಳುವುದಿಲ್ಲ. ಆಗ ಅವಳಿಗೆ ಹದಿನೆಂಟೋ ಹತ್ತೊಂಬತ್ತೋ. ಹಂಡೆ, ಒನಕೆ, ಎರಡು ಎಮ್ಮೆ, ಇಷ್ಟನ್ನು ತಂದದ್ದು ಈಗಲೂ ಹೇಳುತ್ತಾಳೆ. ತುಳಸಿಕಟ್ಟೆ ತರಲು ಆಗಲಿಲ್ಲ, ಗಿಡ ಮಾತ್ರ ಕಿತ್ತು ತಂದರಂತೆ.

ಲ್ಯಾಪ್‌ಟಾಪ್ ಮುಂದೆ ಅವಳನ್ನು ಕೂರಿಸಿದೆ. ಕ್ಯಾಮೆರಾ ಅಂಬುತೀರ್ಥ ಬಿಟ್ಟು ಹಿನ್ನೀರಿನ ಮೇಲೆ ಬಂತು. ನಾನು ಅಷ್ಟು ಇಷ್ಟಪಟ್ಟು ಮಾಡಿದ ನೀಲಿ. ಅಜ್ಜಿ ಮುಂದಕ್ಕೆ ಬಾಗಿ ನೋಡಿದಳು.

"ಇಲ್ಲಿ ಬರೀ ನೀರು ಉಂಟಲ್ಲ ತಮ್ಮಾ. ಹೊಳೆ ಎಲ್ಲಿ?"

ನನಗೆ ಉತ್ತರ ಹೊಳೆಯಲಿಲ್ಲ. ನದಿ ಹಿಡಿದು ಹೋದ ವಿಡಿಯೋ ಎಂದು ಹೆಸರಿಟ್ಟು, ನಡುವೆ ನದಿಯೇ ಇರಲಿಲ್ಲ. ನೋಡಿದರೆ ಎತ್ತರದ ಲೆಕ್ಕದಲ್ಲೂ ಅದು ಇಲ್ಲ. ರೇಡಾರ್ ನೀರಿನ ಒಳಗೆ ಹೋಗುವುದಿಲ್ಲ. ಮೇಲ್ಮೈಯಿಂದಲೇ ವಾಪಸ್ ಬರುತ್ತದೆ. ಹಾಗಾಗಿ ಇಡೀ ಹಿನ್ನೀರು ತಟ್ಟೆಯ ಹಾಗೆ ಚಪ್ಪಟೆ, ಎಲ್ಲಾ ಕಡೆ ಒಂದೇ ಅಂಕಿ. ಅದರ ಕೆಳಗಿನ ಕಣಿವೆ, ಹೊಳೆ, ಅಜ್ಜಿಯ ಗದ್ದೆ ಯಾವ ಉಪಗ್ರಹಕ್ಕೂ ಗೊತ್ತಿಲ್ಲ.

ಗೊತ್ತಿರುವುದು ಹಳೆಯ ಕಾಗದಕ್ಕೆ. 1950ರ ದಶಕದಲ್ಲಿ ಅಮೆರಿಕದ ಸೇನೆಯ ನಕ್ಷೆ ವಿಭಾಗ ಭಾರತದ ಎರಡೂವರೆ ಲಕ್ಷಕ್ಕೆ ಒಂದರ ಅಳತೆಯ ನಕ್ಷೆಗಳನ್ನು ಅಚ್ಚು ಹಾಕಿತ್ತು. ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯ ಅವುಗಳನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ಸಿಗುವ ಹಾಗೆ ಇಟ್ಟಿದೆ. ನಮ್ಮ ಕಡೆಯ ಹಾಳೆ ಇಳಿಸಿಕೊಂಡು ಹಿಗ್ಗಿಸಿ ನೋಡಿದೆ. ಲಿಂಗನಮಕ್ಕಿ ಇಲ್ಲ. 1948ರಲ್ಲಿ ಜೋಗದ ಕರೆಂಟು ಶುರುವಾದಾಗ ಅದಕ್ಕೆ ನೀರು ಕೊಡುತ್ತಿದ್ದ ಹಿರೇಭಾಸ್ಕರ ಅಣೆಕಟ್ಟಿನ ಕಾಲ ಅದು. ಮುಂದೆ ಆ ಅಣೆಕಟ್ಟೂ ಹೊಸದರ ನೀರಿನಲ್ಲಿ ಮುಳುಗಿತು. ನೀರು ತೀರಾ ಕಮ್ಮಿಯಾದ ವರ್ಷ ಎದ್ದು ಕಾಣುತ್ತದೆ, ಜನ ಹೋಗಿ ನೋಡಿ ಬರುತ್ತಾರೆ. ನಕ್ಷೆಯಲ್ಲಿ ಈಗಿನ ನೀರಿನ ಜಾಗದಲ್ಲಿ ಬಳುಕಿಕೊಂಡು ಹೋಗುವ ಹೊಳೆ, ಗಾಡಿ ದಾರಿಗಳ ಚುಕ್ಕಿ ಗೆರೆ, ಅಲ್ಲಲ್ಲಿ ಊರ ಹೆಸರು.

ಹಳೆಯ ನಕ್ಷೆಯನ್ನು ಇಂದಿನ ನೆಲದ ಮೇಲೆ ಕೂರಿಸುವುದಕ್ಕೆ ಎರಡರಲ್ಲೂ ಇರುವ ಜಾಗಗಳು ಬೇಕು. ಇಲ್ಲಿ ನೋಡಿದೆ, ಅಲ್ಲಿ ನೋಡಿದೆ, ಎರಡೂ ಒಂದೇ ಎಂದು ಒಂದೊಂದಾಗಿ ಗುರುತು ಹಾಕುತ್ತಾ ಹೋಗಬೇಕು. ಸಾಗರ ಪೇಟೆಯ ರಸ್ತೆ ಕೂಡುವ ಜಾಗ ಒಂದು. ಜೋಗ ಒಂದು. ನೀರಿನ ನಡುವೆ ಏನು ಮಾಡುವುದು? ಅಲ್ಲಿ ದ್ವೀಪಗಳು ಸಹಾಯಕ್ಕೆ ಬಂದವು. ಇಂದಿನ ದ್ವೀಪ ಅಂದರೆ ಅಂದಿನ ಗುಡ್ಡದ ತುದಿ. ಹಳೆ ನಕ್ಷೆಯಲ್ಲಿ ಗುಡ್ಡದ ಸುತ್ತ ಸುತ್ತಿದ ಗೆರೆಗಳ ಆಕಾರ, ಸೆಂಟಿನೆಲ್ ಚಿತ್ರದಲ್ಲಿ ದ್ವೀಪದ ಆಕಾರ, ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದರೆ ಹೊಂದುತ್ತಾ ಬಂತು. ಹೀಗೆ ಹದಿನಾಲ್ಕು ಗುರುತು ಹಾಕಿದೆ. ಆ ಅಳತೆಯಲ್ಲಿ ಕಾಗದದ ಒಂದು ಮಿಲಿಮೀಟರ್ ಅಂದರೆ ನೆಲದ ಮೇಲೆ 250 ಮೀಟರ್. ಅರ್ಧ ಮಿಲಿಮೀಟರ್ ಆಚೀಚೆ ಆದರೆ ಒಂದು ಹಳ್ಳಿಯೇ ಆಚೆ ದಡಕ್ಕೆ ಹೋಗುತ್ತದೆ. ನಿಧಾನಕ್ಕೆ ಮಾಡಿದೆ.

ಹೊಳೆಯ ಗೆರೆ, ಅದರ ಎರಡೂ ಕಡೆಯ ಎತ್ತರದ ಗೆರೆಗಳನ್ನು ಕೈಯಿಂದ ಎಳೆದುಕೊಂಡು, ಚಪ್ಪಟೆ ತಟ್ಟೆಯನ್ನು ಅದರ ಪ್ರಕಾರ ತಗ್ಗು ಮಾಡಿದೆ. ನಾಲ್ಕು ರಾತ್ರಿಯ ಕೆಲಸ. ಲಿಂಗನಮಕ್ಕಿ ಅಣೆಕಟ್ಟಿನ ಎತ್ತರ ಸುಮಾರು 60 ಮೀಟರ್. ಅಜ್ಜಿಯ ಊರು ಮುಳುಗಿದ ನೀರಿನ ಆಳ ನನ್ನ ಒಂದು ಮೀಟರ್ ಹಲಗೆ ಮೇಲೆ ಎಷ್ಟೇ ಜಾಸ್ತಿ ಅಂದರೂ ಅರ್ಧ ಮಿಲಿಮೀಟರ್ ಚಿಲ್ಲರೆ. ಎರಡು ಪಟ್ಟು ಎಳೆದರೂ ಒಂದು ಮಿಲಿಮೀಟರ್ ಚಿಲ್ಲರೆ, ಅಷ್ಟೇ. ಆದರೂ ಸಂಜೆ ಬಿಸಿಲು ಅಡ್ಡ ಬಿಟ್ಟಾಗ ನೆರಳಿನಲ್ಲಿ ಕಣಿವೆ ಕಂಡಿತು. ಇದು ಅಳೆದು ಮಾಡಿದ್ದಲ್ಲ, ಹಳೆಯ ನಕ್ಷೆ ನೋಡಿ ಅಂದಾಜಿನಲ್ಲಿ ಮಾಡಿದ್ದು ಎಂದು ವಿಡಿಯೋದಲ್ಲೇ ಆ ಜಾಗದಲ್ಲಿ ಬರೆದಿದ್ದೇನೆ. ನೋಡುವವರಿಗೆ ಗೊತ್ತಿರಬೇಕು.

ಈಗ ಶಾಟ್ ಹೀಗಿದೆ. ಕ್ಯಾಮೆರಾ ತುಂಬಿದ ನೀಲಿ ಹಿನ್ನೀರಿನ ಮೇಲೆ ಬಂದು ನಿಲ್ಲುತ್ತದೆ. ಅಲುಗಾಡುವುದಿಲ್ಲ. ನೀಲಿ ನಿಧಾನಕ್ಕೆ ತೆಳುವಾಗುತ್ತದೆ. ಮೊದಲು 2023ರ ಬೇಸಿಗೆ ಕೊನೆಯ ಚಿತ್ರ, ಕೆಂಪು ದಡ, ನಡುವೆ ಕೂದಲೆಳೆಯಷ್ಟು ಹಿರೇಭಾಸ್ಕರ ಅಣೆಕಟ್ಟು. ಅದೂ ಕರಗಿ ಹಳೆಯ ಕಣಿವೆ, ನಡುವೆ ಹೊಳೆ. ನಾಲ್ಕು ಸೆಕೆಂಡು ಹಾಗೇ ಇರುತ್ತದೆ. ಸಂಗೀತ ಇಲ್ಲ. ಆಮೇಲೆ ನೀರು ವಾಪಸ್ ಬರುತ್ತದೆ, ಕ್ಯಾಮೆರಾ ಲಿಂಗನಮಕ್ಕಿ ದಾಟಿ ಜೋಗದ ಕಡೆ ಹೋಗುತ್ತದೆ. ಅಲ್ಲಿಂದ ಗೇರುಸೊಪ್ಪ. ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದ ಚೆನ್ನಭೈರಾದೇವಿಯ ಊರು. ಅಲ್ಲಿ ಹೊಳೆ ಅಗಲವಾಗಿ, ಹೊನ್ನಾವರದ ಉದ್ದನೆ ರೈಲು ಸೇತುವೆ ಕೆಳಗೆ ಹಾದು ಕಡಲು.

ಸೆಕೆಂಡಿಗೆ 25 ಫ್ರೇಮಿನಂತೆ 40 ಸೆಕೆಂಡಿಗೆ 1000 ಫ್ರೇಮು. ಒಂದೊಂದನ್ನೂ ಲೆಕ್ಕ ಹಾಕಿ ಚಿತ್ರ ಮಾಡುವುದಕ್ಕೆ ರೆಂಡರ್ ಅನ್ನುತ್ತಾರೆ. ನನ್ನ ಕಂಪ್ಯೂಟರಿಗೆ ಒಂದಕ್ಕೆ ಒಂದೂ ಕಾಲು ನಿಮಿಷ. ಒಟ್ಟು ಸುಮಾರು 21 ಗಂಟೆ. ದಯವಿಟ್ಟು ನೇರ ವಿಡಿಯೋ ಫೈಲಾಗಿ ರೆಂಡರ್‌ಗೆ ಹಾಕಬೇಡಿ. ಒಂದೊಂದು ಫ್ರೇಮ್ ಬೇರೆ ಬೇರೆ ಚಿತ್ರವಾಗಿ ಸೇವ್ ಆಗಲಿ. 612ನೇ ಫ್ರೇಮಿಗೆ ಕರೆಂಟು ಹೋಯಿತು. ಬಂದ ಮೇಲೆ 612ರಿಂದಲೇ ಮತ್ತೆ ಶುರು ಮಾಡಿದೆ. ವಿಡಿಯೋ ಫೈಲಾಗಿದ್ದರೆ ಹದಿಮೂರು ಗಂಟೆ ನೀರಿಗೆ ಹೋಗುತ್ತಿತ್ತು.

ರೆಂಡರ್ ಆದ ಮೇಲೆ ಅಜ್ಜಿಯನ್ನು ಮತ್ತೆ ಕರೆದೆ. ಈ ಸಲ ಕನ್ನಡಕ ಒರೆಸಿಕೊಂಡೇ ಬಂದಳು. ನೀರು ಹೋಗಿ ಹೊಳೆ ಕಂಡಾಗ ನಿಲ್ಲಿಸು ಎಂದಳು. ನಿಲ್ಲಿಸಿದೆ. ಹಳೆಯ ನಕ್ಷೆಯಲ್ಲಿ ಅವಳ ಹಳ್ಳಿಯ ಹೆಸರು ಬರೆದಿರಲಿಲ್ಲ, ಅಷ್ಟು ಸಣ್ಣ ಊರು. ಅಕ್ಕಪಕ್ಕದ ಹೆಸರುಗಳನ್ನು ನಾನು ಓದುತ್ತಾ ಹೋದೆ. ಒಂದೊಂದು ಹೆಸರಿಗೂ ಅವಳ ಹತ್ತಿರ ಒಂದೊಂದು ಮನೆ ಇತ್ತು. ಇಲ್ಲಿ ದೊಡ್ಡಮ್ಮನನ್ನು ಕೊಟ್ಟಿದ್ದು, ಇಲ್ಲಿ ಆಲೆಮನೆ, ಇಲ್ಲಿ ಮಳೆಗಾಲದಲ್ಲಿ ದೋಣಿ, ಬೇಸಿಗೆಯಲ್ಲಿ ನಡೆದೇ ದಾಟುವುದು. ಕೊನೆಗೆ ಹೊಳೆ ಎಡಕ್ಕೆ ಬಳುಕುವ ಜಾಗದಲ್ಲಿ ಬೆರಳು ಇಟ್ಟಳು. ನಾನು ಅಂದಾಜಿನ ಮೇಲೆ ಅವಳ ಊರಿನ ಹೆಸರನ್ನು ಬಲದಂಡೆಯಲ್ಲಿ ಹಾಕಿದ್ದೆ.

"ಅಲ್ಲಲ್ಲ. ಹೊಳೆ ಈಚೆಗೆ. ಶಾಲೆಗೆ ಹೋಗಬೇಕು ಅಂದರೆ ನಾವು ದಾಟಬೇಕಿತ್ತು."

ಪರದೆ ಮೇಲೆ ಅವಳ ಬೆರಳು ಒತ್ತಿದ ಗುರುತು ಹಾಗೇ ಇತ್ತು. ಅದನ್ನು ಒರೆಸದೆ ಅಲ್ಲಿಗೇ ಹೆಸರು ಸರಿಸಿದೆ. ಆ ಜಾಗ ಕಾಣುವ ಫ್ರೇಮುಗಳು 430ರಿಂದ 560. ಅಷ್ಟನ್ನು ಮಾತ್ರ ಮತ್ತೆ ರೆಂಡರ್‌ಗೆ ಹಾಕಿದ್ದೇನೆ. ಇದನ್ನು ಬರೆಯುವ ಹೊತ್ತಿಗೆ 518 ಓಡುತ್ತಿದೆ. ಅಜ್ಜಿ ಹೊರಗೆ ಜಗಲಿಯಲ್ಲಿ ಅಡಿಕೆ ಸುಲಿಯುತ್ತಾ, ಆಯಿತಾ ಎಂದು ಆಗಿನಿಂದ ಎರಡು ಸಲ ಕೇಳಿದ್ದಾಳೆ.